ಅಂಚೆಯಲ್ಲಿ, ಕೊರಿಯರಿನಲ್ಲಿ ಗಿಡ ತರಿಸಿದರೆ ನಿಜಕ್ಕೂ ಏನು ಬರುತ್ತದೆ?

ಕಾಸರಗೋಡಿನ ಪೆರ್ಲದ ಬಳಿ ಹೊಸ ಮನೆ ಕಟ್ಟಿದ್ದೀರಿ. ಅಂಗಳದ ಬದಿಗೆ ಗುಲಾಬಿ, ಹಿತ್ತಲಿಗೆ ಒಂದು ರಂಬುಟಾನ್, ಒಂದು ಕಸಿ ಮಾವು, ಅಡಿಕೆ ಮರಗಳಿಗೆ ಬಿಡಲು ಒಂದಷ್ಟು ಕಾಳುಮೆಣಸಿನ ಬಳ್ಳಿ, ಎಲ್ಲವನ್ನೂ ಮೊಬೈಲಿನಲ್ಲೇ ತರಿಸಬಹುದೇ, ಚಿತ್ರದಲ್ಲಿದ್ದಂತೆ ಬರುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಮನೆ ಬದಿಯಡ್ಕದ ಕಡೆ. ಹಲವು ವರ್ಷಗಳಿಂದ ಹೀಗೆ ಗಿಡ ತರಿಸುತ್ತಿದ್ದೇನೆ. ಚಿತ್ರದಲ್ಲಿದ್ದಂತೆ ಬರುವುದಿಲ್ಲ. ಆದರೂ ತರಿಸಬಹುದು, ಕಾಳುಮೆಣಸನ್ನು ಬಿಟ್ಟು. ಅದರ ಕಾರಣ ಆಮೇಲೆ ಹೇಳುತ್ತೇನೆ.

ಚಿತ್ರದಲ್ಲಿ ನೀವು ನೋಡುವುದು ಕೊಂಬೆ ಬಾಗುವಷ್ಟು ಹಣ್ಣು ಹೊತ್ತ ಮರ. ಪೆಟ್ಟಿಗೆಯಲ್ಲಿ ಬರುವುದು ಒಂದು, ಹೆಚ್ಚೆಂದರೆ ಒಂದೂವರೆ ಅಡಿಯ ಸಸಿ. ಎಲೆ ಆರೇಳು ಇದ್ದರೆ ಹೆಚ್ಚು. ಸಣ್ಣದಾಯಿತೆಂದು ಬೇಸರಪಡಬೇಡಿ. ಸಣ್ಣ ಸಸಿ ಪ್ರಯಾಣವನ್ನೂ ತಾಳುತ್ತದೆ, ಹೊಸ ಮಣ್ಣಿಗೂ ಬೇಗ ಒಗ್ಗುತ್ತದೆ. ನನಗೆ ಅನುಮಾನ ಬರುವುದು ಅಂಗೈಯಗಲದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮೂರಡಿ ಎತ್ತರದ ಗಿಡ ಬಂದಾಗ. ಅದು ಮಾರಾಟವಾಗದೆ ಅದೇ ತೊಟ್ಟೆಯಲ್ಲಿ ಬಹಳ ಕಾಲ ಉಳಿದ ಗಿಡ. ಬೇರಿಗೆ ಜಾಗ ಸಾಲದೆ ಒಳಗೇ ಸುತ್ತಿಕೊಂಡಿರುತ್ತದೆ, ನೆಲಕ್ಕಿಳಿಸಿದ ಮೇಲೂ ಆ ಸುತ್ತು ಬಿಡುವುದಿಲ್ಲ. ಹಾಗಾಗಿ ಎತ್ತರ ಎಷ್ಟು ಎಂದು ಕೇಳುವ ಬದಲು ತೊಟ್ಟೆಯ ಅಳತೆ ಎಷ್ಟು, ಗಿಡಕ್ಕೆ ವಯಸ್ಸೆಷ್ಟು ಎಂದು ಕೇಳಿ.

ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು ಗಿಡ ಬೀಜದ್ದೋ ಕಸಿಯದ್ದೋ ಎಂದು. ರಂಬುಟಾನ್ ಬೀಜದಿಂದ ಎದ್ದರೆ ಗಂಡಾಗಬಹುದು. ವರ್ಷಗಟ್ಟಲೆ ನೀರು, ಗೊಬ್ಬರ ಕೊಟ್ಟ ಮೇಲೆ ಹೂ ಮಾತ್ರ ಬಿಟ್ಟು ಹಣ್ಣಿಲ್ಲದೆ ನಿಂತ ಮರ ನೋಡಿದರೆ ಹೊಟ್ಟೆ ಉರಿಯುತ್ತದೆ. ಹಣ್ಣು ಬಿಡುವ ಮರದ ಮೊಗ್ಗು ಕೂರಿಸಿದ ಕಣ್ಣು ಕಸಿಯ ಗಿಡವಾದರೆ ಮೂರು ನಾಲ್ಕು ವರ್ಷಕ್ಕೇ ಫಲ ಕಾಣಬಹುದು. ಜಾಯಿಕಾಯಿಯದೂ ಇದೇ ಕಥೆ. ಬೀಜದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಮಾಂಗೊಸ್ಟೀನ್ ಮಾತ್ರ ಇದಕ್ಕೆ ಹೊರತು. ಅದರ ಬೀಜ ಪರಾಗಸ್ಪರ್ಶವಿಲ್ಲದೆಯೇ ಕಟ್ಟುವುದರಿಂದ ಬೀಜದ ಗಿಡವೂ ತಾಯಿಯಂತೆಯೇ ಇರುತ್ತದೆ. ಒಳ್ಳೆಯ ತಳಿಯ ಕಸಿ ಎಂದು ಅದಕ್ಕೆ ಎರಡು ಪಟ್ಟು ಬೆಲೆ ಹೇಳಿದರೆ ಕೊಡಬೇಕಾಗಿಲ್ಲ.

ಕಸಿ ಎಂದು ಹೇಳಿ ಬೀಜದ ಗಿಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಳುಹಿಸುವವರೂ ಇದ್ದಾರೆ. ಪಟ್ಟಿಯ ಮೇಲೂ ಕೆಳಗೂ ತೊಗಟೆಯನ್ನು ನೋಡಿ. ಮಾವಿನ ನಿಜವಾದ ಕಸಿಯಲ್ಲಿ ಕೆಳಗಿನ ಬೇರುಸಸಿಯ ತೊಗಟೆಗೂ ಮೇಲಿನ ಕಡ್ಡಿಯ ತೊಗಟೆಗೂ ಬಣ್ಣದಲ್ಲೋ ದಪ್ಪದಲ್ಲೋ ವ್ಯತ್ಯಾಸ ಇರುತ್ತದೆ, ಬೆಸುಗೆಯ ಜಾಗದಲ್ಲಿ ಬೆಣೆಯಾಕಾರದ ಗಾಯದ ಗುರುತು ಇರುತ್ತದೆ. ಏನೂ ಕಾಣದೆ ಕಾಂಡ ಒಂದೇ ನುಣುಪಾಗಿ ಸಾಗಿದ್ದರೆ ಅದು ಕಸಿಯಲ್ಲ. ಹೆಸರು ಮಾಡಿದ ತಳಿಗಳಲ್ಲಿ ಇನ್ನೂ ಎಚ್ಚರ ಬೇಕು. ತುಮಕೂರು ಜಿಲ್ಲೆಯ ಚೇಳೂರಿನ ತಾಯಿಮರದಿಂದ ಬಂದ ಕೆಂಪು ತೊಳೆಯ ಸಿದ್ದು ಹಲಸನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿದ ಮೇಲೆ, ಯಾವ ಕೆಂಪು ಹಲಸಿಗೂ ಅದೇ ಹೆಸರು ಅಂಟಿಸುವುದು ಸುಲಭವಾಗಿದೆ. ತಾಯಿಮರ ಎಲ್ಲಿಯದು ಎಂದು ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಇನ್ನು ನಮ್ಮ ಗಡಿನಾಡಿನ ಕಷ್ಟ. ಪಿನ್‌ಕೋಡ್ 671ರಿಂದ ಶುರುವಾಗುವ ವಿಳಾಸಕ್ಕೆ ಬರುವ ಪೆಟ್ಟಿಗೆ, ತಲಪಾಡಿ ಗಡಿಯ ಆಚೆ ಕರ್ನಾಟಕದಿಂದಲೇ ಹೊರಟರೂ, ಕೇರಳದ ವಿಂಗಡಣೆ ಕೇಂದ್ರಗಳನ್ನು ಸುತ್ತಿ ಬರುವುದುಂಟು. ಎರಡು ದಿನದ ದಾರಿಗೆ ಐದು ದಿನವಾಗಬಹುದು. ಮನೆ ಹೆಸರಿನ ಮೇಲೆ ನಡೆಯುವ ನಮ್ಮ ವಿಳಾಸ ಕೊರಿಯರಿನ ಹುಡುಗನಿಗೆ ಸಿಗದೆ ಪೇಟೆಯ ಕಚೇರಿಯಲ್ಲೇ ಗಿಡ ಕುಳಿತಿರುತ್ತದೆ. ಫೋನ್ ಬರುವುದನ್ನು ಕಾಯಬೇಡಿ, ನೀವೇ ಹೋಗಿ ತನ್ನಿ. ಸೋಮವಾರ ಕಳುಹಿಸಿ ಎಂದು ಮಾರುವವರಿಗೆ ಮೊದಲೇ ಹೇಳಿದರೆ ಭಾನುವಾರ ಗೋದಾಮಿನಲ್ಲಿ ಕಳೆಯುವುದು ತಪ್ಪುತ್ತದೆ. ಓಣಂ ವಾರದಲ್ಲಿ ಮಾತ್ರ ಯಾವ ಗಿಡವನ್ನೂ ತರಿಸಬೇಡಿ. ಒಂದರ ಹಿಂದೊಂದು ರಜೆ. ಕಾಲದ ಮಟ್ಟಿಗೆ ನನ್ನ ಆಯ್ಕೆ ಮಳೆಯ ಜೋರು ಇಳಿದ ಮೇಲಿನ ಸೆಪ್ಟೆಂಬರ್, ಅಕ್ಟೋಬರ್. ಬೇಸಿಗೆಗೆ ಮುಂಚೆ ಬೇರೂರಲು ಸಮಯ ಸಿಗುತ್ತದೆ, ಮೊದಲ ಬೇಸಿಗೆಯಲ್ಲಿ ನೀರು ಕೊಟ್ಟರೆ ಸಾಕು. ಏಪ್ರಿಲ್‌ನ ಸೆಕೆಯಲ್ಲಿ ವಾಹನದೊಳಗೆ ಗಿಡ ಬೇಯುತ್ತದೆ. ಜುಲೈಯಲ್ಲಿ ಪೆಟ್ಟಿಗೆಯೇ ನೆನೆದು ಮುದ್ದೆಯಾಗಿ ಬರುತ್ತದೆ.

ಪೆಟ್ಟಿಗೆ ಬಿಚ್ಚುವಾಗ ಮೊದಲ ಪಟ್ಟಿ ಕತ್ತರಿಸುವುದರಿಂದ ಹಿಡಿದು ಕೊನೆಯವರೆಗೆ ವೀಡಿಯೊ ಮಾಡಿಕೊಳ್ಳಿ. ಹೆಚ್ಚಿನವರು ಗಿಡವನ್ನು ವಾಪಸು ತೆಗೆದುಕೊಳ್ಳುವುದಿಲ್ಲ; ಒಂದೆರಡು ದಿನದೊಳಗೆ ವೀಡಿಯೊ ಕಳುಹಿಸಿದರೆ ಬೇರೆ ಗಿಡವೋ ಹಣವೋ ಕೊಡುತ್ತಾರೆ. ಒಳಗೆ ಹಳದಿ ಎಲೆ, ಉದುರಿದ ಎಲೆ ಕಂಡರೆ ಗಾಬರಿ ಬೇಡ. ಕತ್ತಲಲ್ಲಿ, ಗಾಳಿಯಿಲ್ಲದೆ ದಿನಗಟ್ಟಲೆ ಕುಳಿತ ಗಿಡ ಎಲೆ ಕಳಚುವುದು ಸಹಜ. ಎಲೆ ಬಿಟ್ಟು ಕಾಂಡ ನೋಡಿ. ತುದಿಯ ಕಡ್ಡಿಯನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ. ಕಂದು, ಒಣಕಲು ಕಂಡರೆ ಇನ್ನೊಂದಿಷ್ಟು ಕೆಳಗೆ ಕೆರೆದು ನೋಡಿ. ಕಸಿಯ ಬೆಸುಗೆಯಿಂದ ಮೇಲೆ ಒಂದು ಅಂಗುಲ ಹಸಿರಿದ್ದರೂ ಆ ಗಿಡವನ್ನು ಉಳಿಸಿಕೊಳ್ಳಬಹುದು. ಆಮೇಲೆ ಬೇರುಂಡೆಯನ್ನು ಮೂಗಿನ ಹತ್ತಿರ ಹಿಡಿಯಿರಿ. ಮಣ್ಣಿನ ವಾಸನೆ ಬಂದರೆ ಒಳ್ಳೆಯದು, ಹುಳಿ ನಾತ ಬಂದರೆ ಬೇರು ಕೊಳೆತಿದೆ. ಅಂಥ ಬೇರನ್ನು ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ನೂಲು ಮಾತ್ರ ಉಳಿಯುತ್ತದೆ. ಅದರ ಫೋಟೊ ತೆಗೆದು ಆಗಲೇ ದೂರು ಹೇಳಿ. ಮಾರಿದವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಬಂದ ದಿನವೇ ಹೊಂಡಕ್ಕೆ ಇಳಿಸುವುದು ಬೇಡ. ಜಗಲಿಯ ಬದಿಯಲ್ಲೋ ತೆಂಗಿನ ಮಡಲಿನ ಚಪ್ಪರದಡಿಯಲ್ಲೋ ಒಂದೆರಡು ವಾರ ಇಟ್ಟು, ಮಣ್ಣು ಮುಟ್ಟಿ ಒಣಗಿದೆ ಎನಿಸಿದಾಗ ಮಾತ್ರ ನೀರು ಕೊಡಿ. ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಮೊದಲು ಗಂಜಿ ಕೊಡುತ್ತೇವಲ್ಲ, ಹಾಗೆಯೇ ಇದಕ್ಕೂ. ಹೊಸ ಚಿಗುರು ಬಲಿಯುವವರೆಗೆ ಗೊಬ್ಬರ ತೋರಿಸಬೇಡಿ. ನೆಡುವಾಗ ಹಲಸಿನ ಬೇರುಂಡೆ ಒಡೆಯದಂತೆ ನೋಡಿಕೊಳ್ಳಿ, ಅದರ ತಾಯಿಬೇರಿಗೆ ಪೆಟ್ಟಾದರೆ ಗಿಡ ಏಳುವುದು ಕಷ್ಟ. ನಿಮ್ಮದು ಮುರಕಲ್ಲಿನ ಜಾಗವಾದರೆ ಮೂರಡಿ ಉದ್ದ, ಅಗಲ, ಆಳದ ಹೊಂಡ ತೆಗೆದು ಮೇಲ್ಮಣ್ಣು, ಸುಡುಮಣ್ಣು, ಹಟ್ಟಿಗೊಬ್ಬರ ತುಂಬಿಸಿ. ಬೆಸುಗೆ ಮಣ್ಣಿನಿಂದ ಮೇಲೆಯೇ ಇರಲಿ. ಅದರ ಪ್ಲಾಸ್ಟಿಕ್ ಪಟ್ಟಿ ಕಾಂಡವನ್ನು ಕತ್ತರಿಸುವ ಮುಂಚೆ ಬಿಚ್ಚಿ. ಬೆಸುಗೆಯ ಕೆಳಗಿನಿಂದ ಬರುವ ಚಿಗುರನ್ನು ಕಂಡಕಂಡಾಗ ಚಿವುಟಿ. ಬಿಟ್ಟರೆ ಅದೇ ಮರವಾಗಿ ಮೇಲಿನ ಕಸಿ ಸಾಯುತ್ತದೆ.

ಈಗ ಕಾಳುಮೆಣಸು. ಸೊರಗು ರೋಗದ ಶಿಲೀಂಧ್ರವೂ ಬೇರುಗಂಟಿನ ಜಂತುಗಳೂ ತೊಟ್ಟೆಯ ಮಣ್ಣಿನಲ್ಲೇ ಪ್ರಯಾಣ ಮಾಡುತ್ತವೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಒಂದು ರೋಗದ ಬಳ್ಳಿ ಬಂದರೆ ನೀರಿನೊಂದಿಗೆ ಅದು ಇಡೀ ತೋಟಕ್ಕೆ ಇಳಿಯುತ್ತದೆ, ನೆರೆಯವರ ತೋಟಕ್ಕೂ. ನೂರು ರೂಪಾಯಿಯ ಬಳ್ಳಿಗಾಗಿ ಈ ಅಪಾಯ ಯಾಕೆ? ನಿಮ್ಮ ಪಕ್ಕದ ತೋಟದಲ್ಲೇ ಚೆನ್ನಾಗಿ ಕಾಯುವ ಬಳ್ಳಿ ಇದ್ದರೆ ಫೆಬ್ರವರಿ, ಮಾರ್ಚ್‌ನಲ್ಲಿ ಅದರ ಬುಡದ ಹಬ್ಬುಬಳ್ಳಿಯನ್ನು ಎರಡು ಮೂರು ಗಂಟಿನ ತುಂಡು ಮಾಡಿ ತೊಟ್ಟೆಯಲ್ಲಿ ನೆಡಿ, ಮಳೆಗಾಲಕ್ಕೆ ಸಿದ್ಧವಾಗುತ್ತದೆ. ಪಣಿಯೂರು ತಳಿಯೇ ಬೇಕೆಂದರೆ ಅದು ಹುಟ್ಟಿದ ಸಂಶೋಧನಾ ಕೇಂದ್ರ ಪಕ್ಕದ ಕಣ್ಣೂರು ಜಿಲ್ಲೆಯಲ್ಲೇ ಇದೆ. ಅಡಿಕೆ, ತೆಂಗಿನ ಸಸಿಗಳಿಗೂ ಇದೇ ಮಾತು. ಅಡಿಕೆಯ ಹಳದಿ ಎಲೆ ರೋಗ, ತೆಂಗಿನ ಬೇರು ಸೊರಗು ರೋಗ ಇರುವ ಸೀಮೆಯ ಸಸಿ ಯಾವ ವೇಷದಲ್ಲಿ ಬರುತ್ತದೋ ಗೊತ್ತಾಗುವುದಿಲ್ಲ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ನಮ್ಮದೇ ಕೂಡ್ಲಿನಲ್ಲಿದೆ. ಅಲ್ಲಿ ವಿಚಾರಿಸಿ, ನಿಮ್ಮ ಪಂಚಾಯಿತಿಯ ಕೃಷಿಭವನದಲ್ಲಿ ಕೇಳಿ.

ಗುಲಾಬಿಯನ್ನು ಮಳೆ ಪೂರ್ತಿ ಬಿಟ್ಟ ಮೇಲೆ ತರಿಸಿ, ಇಲ್ಲದಿದ್ದರೆ ಕಪ್ಪು ಚುಕ್ಕೆ ರೋಗಕ್ಕೆ ಎಲೆಯೆಲ್ಲ ಹೋಗುತ್ತದೆ. ನೀಲಿ ಗುಲಾಬಿಯ ಬೀಜ ಎಂಬ ಜಾಹೀರಾತನ್ನು ನಂಬಬೇಡಿ. ಗುಲಾಬಿಯಲ್ಲಿ ನೀಲಿಗೆ ಬೇಕಾದ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯವೇ ಇಲ್ಲ. ಜಪಾನಿನ ಕಂಪನಿಯೊಂದು ಬೇರೆ ಹೂವಿನ ವಂಶವಾಹಿ ಸೇರಿಸಿ 2009ರಲ್ಲಿ ಮಾರುಕಟ್ಟೆಗೆ ತಂದದ್ದೂ ತಿಳಿನೇರಳೆ ಬಣ್ಣದ್ದು. ವಿದೇಶದಿಂದ ಬೀಜದ ಪೊಟ್ಟಣ ತರಿಸುವುದಂತೂ ಬೇಡವೇ ಬೇಡ. ಅದಕ್ಕೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕೇಳದೆ ಬರುವ ಅಂಥ ಪೊಟ್ಟಣಗಳ ಬಗ್ಗೆ 2020ರಲ್ಲಿ ಕೇಂದ್ರ ಕೃಷಿ ಸಚಿವಾಲಯವೇ ಎಚ್ಚರಿಕೆ ಕೊಟ್ಟಿತ್ತು.

ನಿಮ್ಮ ಪಟ್ಟಿಯಲ್ಲಿ ಮೊದಲು ಮಾವು, ರಂಬುಟಾನ್ ಎರಡನ್ನೇ ಒಬ್ಬರ ಹತ್ತಿರ ತರಿಸಿ ನೋಡಿ. ಗುಲಾಬಿ ಡಿಸೆಂಬರಿಗೆ ಇರಲಿ. ಪೆಟ್ಟಿಗೆ ಬಂದ ಮೇಲೆ ಬೆಸುಗೆಯ ಜಾಗದ ಹತ್ತಿರದ ಫೋಟೊ ಒಂದನ್ನು ಇಲ್ಲಿ ಹಾಕಿದರೆ ಕಸಿ ನಿಜವೋ ಅಲ್ಲವೋ ನೋಡಿ ಹೇಳುತ್ತೇನೆ.