ನರ್ಸಿಂಗ್ ಓದೋರ ಪ್ರಶ್ನೆಗಳು: ಮೇಡಂ ಪಾಠ ಮಾಡದೆ ಕೇಸ್ ಕೊಟ್ಟು ಸುಮ್ನೆ ಕೂತ್ರೆ?

ಪ್ರಶ್ನೆ: ಮೇಡಂ, ನಾನು ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷ. ಈ ಸೆಮಿಸ್ಟರ್‌ನಿಂದ ಅಡಲ್ಟ್ ಹೆಲ್ತ್‌ಗೆ ಪ್ರಾಬ್ಲಂ ಬೇಸ್ಡ್ ಲರ್ನಿಂಗ್ (ಪಿಬಿಎಲ್) ಅಂತ ಶುರು ಮಾಡಿದಾರೆ. ಅರ್ಧ ಪೇಜ್ ಕೇಸ್ ಕೊಡ್ತಾರೆ, ನೀವೇ ಡಿಸ್ಕಸ್ ಮಾಡಿ ಅಂತಾರೆ, ನೋಟ್ಸ್ ಇಲ್ಲ, ಡೌಟ್ ಕೇಳಿದ್ರೆ ನಿಮಗೇನು ಅನ್ಸುತ್ತೆ ಅಂತ ತಿರುಗಿ ನಮ್ಮನ್ನೇ ಕೇಳ್ತಾರೆ. ಫೀಸ್ ಕಟ್ಟಿ ನಮ್ಮ ಪಾಠ ನಾವೇ ಮಾಡ್ಕೋಬೇಕಾ? – ಹಾಸನದಿಂದ ಒಬ್ಬ ವಿದ್ಯಾರ್ಥಿನಿ

ಉತ್ತರ: ನಿಮ್ಮ ಬೇಜಾರು ಅರ್ಥ ಆಗುತ್ತಮ್ಮ, ಪಿಯುಸಿವರೆಗೂ ನೋಟ್ಸ್ ಬರ್ಕೊಂಡು ಓದಿದೋರಿಗೆ ಮೊದಲ ಎರಡು ಮೂರು ಕೇಸ್ ತಲೆಬುಡ ತಿಳಿಯಲ್ಲ. ಆದ್ರೆ ಪದ್ಧತಿ ಹುಟ್ಟಿದ್ದು ಪಾಠ ತಪ್ಪಿಸ್ಕೊಳ್ಳೋಕಲ್ಲ. 1969ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನ ಮೆಕ್‌ಮಾಸ್ಟರ್ ಯೂನಿವರ್ಸಿಟಿ ಮೆಡಿಕಲ್ ಕೋರ್ಸ್ ಶುರು ಮಾಡಿದಾಗ ಹೀಗೇ ಕಲಿಸ್ಬೇಕು ಅಂತ ತೀರ್ಮಾನ ಮಾಡಿದ್ರು, 1974ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಹಿಡ್ಕೊಂಡ್ತು, ಆಮೇಲೆ ನರ್ಸಿಂಗ್‌ಗೂ ಬಂತು. ಮೊದಲು ಪೇಷಂಟ್ ಕಥೆ, ಆಮೇಲೆ ಪುಸ್ತಕ, ಅಷ್ಟೇ ಇದರ ತಿರುಳು.

ಒಂದು ಕೇಸ್ ಹೇಳ್ತೀನಿ ನೋಡಿ. 58 ವರ್ಷದ ರೈತ, ಶುಗರ್ ಇದೆ, ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೋತಾರೆ, ಕಾಲಿನ ಹುಣ್ಣಿಗೆ ಬೆಳಿಗ್ಗೆ ಆಪರೇಷನ್ ಅಂತ ರಾತ್ರಿಯಿಂದ ಎನ್‌ಪಿಓ, ಅಂದ್ರೆ ಬಾಯಿಗೆ ಏನೂ ಕೊಡದೆ, ಇಟ್ಟಿದಾರೆ. ಏಳು ಗಂಟೆಗೆ ಎಂದಿನ ಇನ್ಸುಲಿನ್ ಹೋಗಿದೆ, ಆಪರೇಷನ್ ಮುಂದಕ್ಕೆ ಹೋಗಿದೆ, ಒಂಬತ್ತೂವರೆಗೆ ಅವರ ಹೆಂಡ್ತಿ ಬಂದು ಸಿಸ್ಟರ್ ಇವ್ರು ಏನೇನೋ ಮಾತಾಡ್ತಿದಾರೆ, ಬನಿಯನ್ ಎಲ್ಲ ಒದ್ದೆ ಅಂತಾರೆ. ಪೇಪರ್‌ನಲ್ಲಿ ಇಷ್ಟೇ ಇರೋದು. ಇನ್ನು ಗ್ರೂಪ್‌ನ ಎಂಟು ಹತ್ತು ಜನ ಕೂತು ಏನು ಗೊತ್ತು, ಏನು ಗೊತ್ತಿಲ್ಲ ಅಂತ ಬೋರ್ಡ್ ಮೇಲೆ ಬರೀಬೇಕು. ಯಾರಾದ್ರೂ ಒಬ್ರು ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡೋ ಶುಗರ್) ನೋಡೋಣ ಅಂದೇ ಅಂತಾರೆ. ಎಷ್ಟಿದ್ರೆ ಕಮ್ಮಿ? 70 ಎಂಜಿ/ಡಿಎಲ್‌ಗಿಂತ ಕೆಳಗೆ. ಸರಿ, 15 ಗ್ರಾಂ ಗ್ಲೂಕೋಸ್ ಕುಡಿಸಿ 15 ನಿಮಿಷಕ್ಕೆ ಮತ್ತೆ ಚೆಕ್ ಮಾಡೋದು ಅಂತ ಎಲ್ರಿಗೂ ಬಾಯಿಪಾಠ ಇದೆ, ಆದ್ರೆ ಇವ್ರು ಎನ್‌ಪಿಓ, ಮೇಲಾಗಿ ಮಂಪರಲ್ಲಿದಾರೆ, ಬಾಯಿಗೆ ಹಾಕಿದ್ರೆ ಶ್ವಾಸಕೋಶಕ್ಕೆ ಹೋದ್ರೆ? ಅಲ್ಲಿ ಗ್ರೂಪ್ ನಿಲ್ಲುತ್ತೆ, ಆ ನಿಂತ ಜಾಗವೇ ಪಾಠ. ಡಾಕ್ಟರ್‌ನ ಕರೀಬೇಕು, ಕ್ಯಾನುಲಾ (ರಕ್ತನಾಳಕ್ಕೆ ಹಾಕಿರೋ ಸಣ್ಣ ಟ್ಯೂಬ್) ಇದ್ಯಾ ನೋಡ್ಬೇಕು, ಐವಿ ಡೆಕ್ಸ್ಟ್ರೋಸ್, ಅಂದ್ರೆ ರಕ್ತನಾಳಕ್ಕೆ ಕೊಡೋ ಗ್ಲೂಕೋಸ್, ರೆಡಿ ಇಡ್ಬೇಕು, 25 ಪರ್ಸೆಂಟ್‌ದು 100 ಎಂಎಲ್ ಅಂದ್ರೆ 25 ಗ್ರಾಂ ಅನ್ನೋ ಲೆಕ್ಕ ಆಗ ತಲೇಲಿ ಕೂರುತ್ತೆ. ಕೈ ಯಾಕೆ ನಡುಗ್ತಿಲ್ಲ ಅಂತ ಟ್ಯೂಟರ್ ಒಂದು ಪ್ರಶ್ನೆ ಹಾಕಿದ್ರೆ ಸಾಕು, ಬೀಟಾ ಬ್ಲಾಕರ್ ನಡುಕ, ಎದೆ ಬಡಿತ ಮುಚ್ಚಿಡುತ್ತೆ ಬೆವರನ್ನ ಮುಚ್ಚಿಡಲ್ಲ ಅಂತ ನೀವೇ ಹುಡುಕಿ ತರ್ತೀರ, ಜನ್ಮಕ್ಕೆ ಮರೆಯಲ್ಲ. ಊಟ ಇಲ್ಲದೋರಿಗೆ ಎಂದಿನ ಇನ್ಸುಲಿನ್ ಯಾಕೆ ಹೋಯ್ತು, ಡ್ಯೂಟಿ ಬದಲಾಗುವಾಗಿನ ಹ್ಯಾಂಡ್‌ಓವರಲ್ಲಿ ಎಲ್ಲಿ ತಪ್ಪಿತು ಅನ್ನೋದು ಇನ್ನೂ ದೊಡ್ಡ ಚರ್ಚೆ, ನನ್ನ ಕೇಳಿದ್ರೆ ಅದೇ ಅಸಲಿ ನರ್ಸಿಂಗ್.

ಆದ್ರೆ ಟ್ಯೂಟರ್ ಕೇಸ್ ಕೊಟ್ಟು ಮೊಬೈಲ್ ನೋಡ್ತಾ ಕೂತಿದ್ರೆ ಅದು ಪಿಬಿಎಲ್ ಅಲ್ಲ, ಅದನ್ನ ಧೈರ್ಯವಾಗಿ ಕ್ಲಾಸ್ ಕೋಆರ್ಡಿನೇಟರ್‌ಗೆ ಹೇಳಿ. ಕೂತು ಕೇಳಿಸ್ಕೊಂಡು, ದಾರಿ ತಪ್ಪಿದಾಗ ಒಂದು ಪ್ರಶ್ನೆ ಹಾಕಿ, ಕೊನೇಲಿ ತಪ್ಪು ಮಾಹಿತಿ ಉಳೀದ ಹಾಗೆ ನೋಡ್ಕೊಳ್ಳೋದು ಅವರ ಕೆಲಸ, ಲೆಕ್ಚರ್‌ಗಿಂತ ಕಷ್ಟದ ಕೆಲಸ.

ಪ್ರಶ್ನೆ: ನಾನು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಗ್ರೂಪಲ್ಲಿ ಎಲ್ಲಾ ಇಂಗ್ಲಿಷಲ್ಲಿ ಫಟಾಫಟ್ ಮಾತಾಡ್ತಾರೆ, ಉತ್ತರ ಗೊತ್ತಿದ್ರೂ ನಾನು ಬಾಯಿ ಬಿಡಲ್ಲ. ಯಾವಾಗ್ಲೂ ನನ್ನನ್ನೇ ಬೋರ್ಡ್ ಮೇಲೆ ಬರಿಯೋಕೆ ಹಾಕ್ತಾರೆ. – ಹೆಸರು ಬೇಡ, ರಾಯಚೂರು

ಉತ್ತರ: ನಿಮ್ಮ ಪತ್ರ ಓದಿ ಮನಸ್ಸಿಗೆ ತುಂಬಾ ತಟ್ಟಿತು, ಇಂಥ ಮಕ್ಕಳು ಪ್ರತಿ ಬ್ಯಾಚಲ್ಲೂ ಇರ್ತಾರೆ. ಮೊದಲನೇದು, ಬರಿಯೋ ಕೆಲಸ ಪ್ರತಿ ಕೇಸಿಗೆ ಬದಲಾಗ್ಬೇಕು, ಮಾತಾಡದೋರಿಗೆ ಚಾಕ್‌ಪೀಸ್ ಕೊಟ್ಟು ಕೂರಿಸಿದ್ರೆ ಅವರು ಇನ್ನೂ ಸುಮ್ನಾಗ್ತಾರೆ, ಇದನ್ನ ಟ್ಯೂಟರ್ ಹತ್ರ ಪರ್ಸನಲ್ ಆಗಿ ಹೇಳಿ. ಎರಡನೇದು, ಚರ್ಚೆ ಕನ್ನಡದಲ್ಲೇ ಮಾಡಿ ಬೋರ್ಡ್ ಮೇಲೆ ಇಂಗ್ಲಿಷ್ ಟರ್ಮ್ ಬರೀರಿ, ಯೋಚನೆ ಮಾಡೋಕೆ ನಿಮ್ಮ ಭಾಷೆ ಸಾಲಲ್ಲ ಅಂತೇನಿಲ್ಲ. ವಾರ್ಡಲ್ಲಿ ಪೇಷಂಟ್ ಹೇಳೋದು ಕಣ್ಣಿಗೆ ಕತ್ತಲೆ ಬರ್ತಿದೆ, ಕೈಕಾಲಲ್ಲಿ ಶಕ್ತಿ ಇಲ್ಲ, ಎದೆ ಡವಡವ ಅಂತಿದೆ ಅಂತ, ಅದನ್ನ ಕೇಳಿ ತಕ್ಷಣ ಗ್ಲುಕೋಮೀಟರ್ ಹಿಡ್ಕೊಂಡು ಹೋಗೋದು ನಿಮ್ಮಂಥೋರೇ. ಮೊದಲ ವಾರ ಒಂದೇ ಒಂದು ವಾಕ್ಯ ಮನೇಲಿ ರೆಡಿ ಮಾಡ್ಕೊಂಡು ಹೋಗಿ ಹೇಳಿ, ಅದು ಪ್ರಶ್ನೆ ಆದ್ರೂ ಪರ್ವಾಗಿಲ್ಲ. ಗೊತ್ತಿಲ್ಲ ಅಂತ ಗ್ರೂಪಲ್ಲಿ ಹೇಳೋದು ರೂಢಿ ಆದ್ರೆ ಮುಂದೆ ಡ್ಯೂಟೀಲಿ ಡೋಸ್ ಬಗ್ಗೆ ಅನುಮಾನ ಬಂದಾಗ ಸಿಸ್ಟರ್ ಒಂದ್ಸಲ ಚೆಕ್ ಮಾಡಿ ಅನ್ನೋಕೆ ಬಾಯಿ ಬರುತ್ತೆ, ನಾನು ಪಿಬಿಎಲ್ ಪರ ಇರೋದು ಮುಖ್ಯವಾಗಿ ಇದಕ್ಕೇ.

ಪ್ರಶ್ನೆ: ನಮ್ಮ ಗ್ರೂಪಲ್ಲಿ ಟಾಪಿಕ್ ಹಂಚ್ಕೋತೀವಿ, ಆದ್ರೆ ಇಬ್ರೇ ಓದೋದು, ಮಿಕ್ಕೋರು ಫೋನಲ್ಲಿ ಸಿಕ್ಕಿದ್ದನ್ನ ವಾಟ್ಸಾಪ್‌ಗೆ ಹಾಕ್ತಾರೆ. – ತುಮಕೂರಿನ ಒಬ್ಬ ವಿದ್ಯಾರ್ಥಿ

ಉತ್ತರ: ಹಂಚ್ಕೊಳ್ಳೋದನ್ನೇ ಬಿಡಿ. ಪಿಬಿಎಲ್‌ನಲ್ಲಿ ಕೊನೆಗೆ ಉಳಿಯೋ ಪ್ರಶ್ನೆಗಳನ್ನ ಎಲ್ರೂ ಓದ್ಬೇಕು, ಬೇರೆ ಬೇರೆ ಪುಸ್ತಕದಿಂದ ಓದಿದ್ರೆ ಇನ್ನೂ ಒಳ್ಳೇದು, ಆಗ ಮುಂದಿನ ಸೆಷನ್ನಲ್ಲಿ ನಿಮ್ಮ ಪುಸ್ತಕ ಹೀಗೆ ಹೇಳುತ್ತೆ ನಮ್ದು ಹಾಗೆ ಅಂತ ನಿಜವಾದ ಚರ್ಚೆ ಆಗುತ್ತೆ. ಹಂಚ್ಕೊಂಡ್ರೆ ಅದು ಬರೀ ಸೆಮಿನಾರ್, ಒಬ್ಬ ಓದ್ತಾನೆ ಉಳಿದೋರು ಕೇಳ್ತಾರೆ.

ಪ್ರಶ್ನೆ: ಎಕ್ಸಾಮಲ್ಲಿ ಬರೋದು ಡಿಫೈನ್, ಎನ್ಯುಮರೇಟ್, ಎಕ್ಸ್‌ಪ್ಲೇನ್. ಪಿಬಿಎಲ್ ಮಾಡ್ತಾ ಕೂತ್ರೆ ಮಾರ್ಕ್ಸ್ ಬೀಳಲ್ವಾ? – ಬೆಳಗಾವಿ

ಉತ್ತರ: ಭಯ ಪೂರ್ತಿ ಸುಳ್ಳಲ್ಲ. ಮೆಡಿಕಲ್ ಕಾಲೇಜುಗಳ ಮೇಲೆ 1993ರಲ್ಲಿ ಬಂದ ಎರಡು ದೊಡ್ಡ ರಿವ್ಯೂಗಳಲ್ಲಿ ಪಿಬಿಎಲ್ ಹುಡುಗರು ಕ್ಲಿನಿಕಲ್‌ನಲ್ಲಿ ಸರಿಸಮ ಇಲ್ಲಾ ಸ್ವಲ್ಪ ಮುಂದೆ, ಓದಿನ ಮೇಲೆ ಖುಷೀನೂ ಜಾಸ್ತಿ, ಆದ್ರೆ ಬೇಸಿಕ್ ಸೈನ್ಸ್ ಟೆಸ್ಟಲ್ಲಿ ಕೆಲವು ಸಲ ಹಿಂದೆ ಅಂತ ಬಂತು. ಅದಕ್ಕೇ ಅನಾಟಮಿ ಫಿಸಿಯಾಲಜಿ ಬಿಡ್ಬೇಡಿ. ಪ್ರತಿ ಕೇಸ್ ಮುಗಿದ ರಾತ್ರಿ ಅದನ್ನೇ ಎಕ್ಸಾಮ್ ಪ್ರಶ್ನೆ ಥರ ತಿರುಗಿಸಿ ಬರೀರಿ: ಹೈಪೋಗ್ಲೈಸೀಮಿಯಾ (ಶುಗರ್ ಕಮ್ಮಿ ಆಗೋದು) ಅಂದ್ರೇನು, ಕಾರಣ, ಲಕ್ಷಣ, ನರ್ಸಿಂಗ್ ಮ್ಯಾನೇಜ್‌ಮೆಂಟ್, ಎರಡು ಪೇಜ್ ಸಾಕು. ಬರೆದಿದ್ದನ್ನ ಟ್ಯೂಟರ್‌ಗೆ ತೋರ್ಸಿ, ಇಂಟರ್ನಲ್ಸ್‌ನಲ್ಲಿ ಕೇಸ್ ಮೇಲೊಂದು ಪ್ರಶ್ನೆ ಕೊಡಿ ಮೇಡಂ ಅಂತ ಕ್ಲಾಸಿನೋರೆಲ್ಲ ಸೇರಿ ಕೇಳಿ.