‘ನಾನಲ್ಲ’ ಅಂದುಬಿಟ್ಟೆ, ಈಗ ಏನು ಮಾಡಲಿ?

ಪ್ರಶ್ನೆ: ನಾಲ್ಕು ಜನರ ಪುಟ್ಟ ಬ್ಯಾಂಡಿನಲ್ಲಿ ಹಾಡುತ್ತೇನೆ. ಐವತ್ತು ಮಂದಿ ಸೇರಿದರೆ ನಮಗೆ ಹಬ್ಬ. ಮೊನ್ನೆ ಬಸ್ಸಿನಲ್ಲಿ ಒಬ್ಬ ಯುವತಿ ನಮ್ಮ ಹಾಡಿನ ಹೆಸರು ಹೇಳಿ, ‘ಅದನ್ನ ಹಾಡಿದ್ದು ನೀವೇ ಅಲ್ವಾ?’ ಎಂದು ಕೇಳಿದರು. ಗಾಬರಿಯಲ್ಲಿ ‘ನಾನಲ್ಲ’ ಅಂದುಬಿಟ್ಟೆ. ಅವರ ಮುಖ ಸಪ್ಪಗಾಯಿತು. ಅದೇ ಕಣ್ಣಮುಂದೆ ಬರುತ್ತಿದೆ. ಮತ್ತೆ ಹೀಗಾದರೆ?

ಉತ್ತರ: ನೀವು ಸುಳ್ಳು ಹೇಳಬೇಕೆಂದು ಹೇಳಿದವರಲ್ಲ, ಬೆಚ್ಚಿಬಿದ್ದವರು. ವೇದಿಕೆ ಹತ್ತುವಾಗ ಶ್ರುತಿ ಕೂಡಿರುತ್ತದೆ, ಹಾಡಿನ ಪಟ್ಟಿ ಕಾಲಬುಡದಲ್ಲಿರುತ್ತದೆ. ಬಸ್ಸಿನಲ್ಲಿ ಅದ್ಯಾವುದೂ ಇಲ್ಲ. ಮೇಲಾಗಿ, ಅವರ ಕಿವಿಗೆ ನಿಮ್ಮ ದನಿ ಎಷ್ಟೋ ದಿನಗಳ ಒಡನಾಡಿ. ನಿಮಗೋ ಅವರ ಮುಖವೇ ಹೊಸದು. ಈ ಒಮ್ಮುಖದ ಆಪ್ತತೆಯನ್ನು ಸಂಶೋಧಕರಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ರೇಡಿಯೊ, ಟಿವಿ ಕೇಳುಗ-ನೋಡುಗರಲ್ಲಿ ಗುರುತಿಸಿ ಬರೆದಿದ್ದರು. ತಬ್ಬಿಬ್ಬಾಗುವುದು ಸಹಜ.

ಮುಂದಿನ ಸಲಕ್ಕೆ ಮೊದಲ ಮಾತನ್ನು ಈಗಲೇ ಬಾಯಿಪಾಠ ಮಾಡಿ: ‘ಹೌದು, ನಾನೇ. ತುಂಬಾ ಖುಷಿಯಾಯ್ತು. ನಿಮ್ಮ ಹೆಸರು?’ ಮನಸ್ಸಿನಲ್ಲಲ್ಲ, ಗಟ್ಟಿಯಾಗಿ, ಹತ್ತು ಸಲ. ಪಲ್ಲವಿಯ ಹಾಗೆ ಅದು ನಾಲಿಗೆಗೆ ಕೂರಬೇಕು. ‘ಅಯ್ಯೋ, ಅದರ ರೆಕಾರ್ಡಿಂಗೇ ಸರಿಯಾಗಿ ಬಂದಿಲ್ಲ’ ಅನ್ನುವ ವಿನಯ ಮಾತ್ರ ಬೇಡ. ನಿಮಗದು ಸಂಕೋಚ, ಎದುರಿಗಿದ್ದವರಿಗೆ ‘ನಿನ್ನ ರುಚಿ ಸರಿಯಿಲ್ಲ’ ಎಂದ ಹಾಗೆ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಹಾಡು ಎಲ್ಲಿ ಸಿಕ್ಕಿತು? ಮಾತು ಅವರ ಕಡೆ ಹೊರಳುತ್ತದೆ, ನಿಮಗೆ ಉಸಿರಾಡಲು ಬಿಡುವು ಸಿಗುತ್ತದೆ. ಕೇಳುಗರು ಯಾವ ದಾರಿಯಲ್ಲಿ ಬರುತ್ತಿದ್ದಾರೆಂದೂ ತಿಳಿಯುತ್ತದೆ. ಎರಡು ನಿಮಿಷದೊಳಗೆ ನೀವೇ ಮುಗಿಸಿ; ಹೇಗೆ ಹೊರಡುವುದೆಂದು ಅವರಿಗೂ ತೋಚುತ್ತಿರುವುದಿಲ್ಲ. ಮಾತಾಡುವ ಸ್ಥಿತಿಯಲ್ಲಿಲ್ಲವೇ? ‘ಈಗ ಸ್ವಲ್ಪ ಕಷ್ಟ, ಆದರೆ ಗುರುತಿಸಿದ್ದಕ್ಕೆ ಥ್ಯಾಂಕ್ಸ್’ ಎಂದರೆ ಸಾಕು.

ಸೆಲ್ಫಿ ಕೇಳಿದರೆ ನಿಲ್ಲಿ. ನೀವು ಅಲ್ಲಿಂದ ಹೊರಡುವವರೆಗೆ ಅದನ್ನು ಜಾಲತಾಣದಲ್ಲಿ ಹಾಕಬೇಡಿ ಎಂದು ಕೇಳಿಕೊಳ್ಳಿ. ಸ್ವಂತ ನಂಬರ್ ಬೇಡ, ಬ್ಯಾಂಡಿನ ಪುಟ ತೋರಿಸಿ. ಹಸ್ತಾಕ್ಷರಕ್ಕೆ ಬ್ಯಾಂಕಿನ ಸಹಿ ಬಳಸಬೇಡಿ, ಬೇರೊಂದು ರೂಢಿಸಿಕೊಳ್ಳಿ. ಸಿಡಿಯ ಮೇಲಾದರೆ ಮೆತ್ತನೆ ತುದಿಯ ಮಾರ್ಕರ್‌ನಲ್ಲಿ ಹೆಸರು ಅಚ್ಚಾದ ಬದಿಗೆ ಬರೆಯಿರಿ. ಧ್ವನಿ ಅಡಗಿರುವ ಪದರ ಆ ಬದಿಯ ತೆಳು ಲೇಪದ ಕೆಳಗೇ ಇರುವುದರಿಂದ, ಬಾಲ್‌ಪೆನ್ ಒತ್ತಿದರೆ ಹಾಡೇ ಕೆಡಬಹುದು.

ಇನ್ನು ಆ ಯುವತಿ. ಅವರು ನಿಮ್ಮ ಹಾಡಿನ ಹೆಸರು ಹಿಡಿದೇ ಕೇಳಿದವರು, ಬ್ಯಾಂಡಿನ ಪುಟ ನೋಡುವ ಸಾಧ್ಯತೆ ಚೆನ್ನಾಗಿಯೇ ಇದೆ. ಅಲ್ಲಿ ಇಷ್ಟೇ ಬರೆಯಿರಿ: ‘ಬಸ್ಸಿನಲ್ಲಿ ನನ್ನನ್ನು ಗುರುತಿಸಿದವರೇ, ಅದು ನಾನೇ. ಗಾಬರಿಯಾಗಿ ಅಲ್ಲ ಅಂದೆ, ಕ್ಷಮಿಸಿ.’ ಬಸ್ಸಿನ ನಂಬರ್, ಹೊತ್ತು, ಅವರ ಉಡುಪು ಯಾವುದನ್ನೂ ಸೇರಿಸಬೇಡಿ. ಬೇರೆಯವರು ಅವರನ್ನು ಹುಡುಕಿಕೊಂಡು ಹೋಗುವಂತಾಗಬಾರದು. ಅವರು ಬರೆದರೆ ನೀವೇ ಉತ್ತರಿಸಿ, ಬ್ಯಾಂಡಿನ ಬೇರೆಯವರ ಕೈಯಲ್ಲಿ ಬರೆಸಬೇಡಿ. ಮುಂದಿನ ಕಾರ್ಯಕ್ರಮಕ್ಕೆ ಎರಡು ಪಾಸ್ ತೆಗೆದಿಡಿ, ಗೆಳತಿಯನ್ನು ಕರೆದುಕೊಂಡು ಧೈರ್ಯವಾಗಿ ಬರಲಿ.