20 ಕಂಪ್ಯೂಟರಿನ ಟ್ರೈನಿಂಗ್ ಸೆಂಟರಿಗೆ ಲ್ಯಾನ್ ಒಳ್ಳೆಯದೋ, ವ್ಯಾನ್ ಒಳ್ಳೆಯದೋ?

ಕೆಳಗೆ 12, ಮೇಲೆ 8 ಕಂಪ್ಯೂಟರ್, ಮೇಲಿನ ಮಹಡಿಗೆ ವೈಫೈ ಹತ್ತುವುದಿಲ್ಲ, ಮನೆಯಲ್ಲೊಂದು ಹಳೇ ರೂಟರ್ ಬಿದ್ದಿದೆ, ಅದನ್ನೇ ಮೇಲೆ ಹಾಕುತ್ತೇನೆ ಅಂದಿದ್ದೀರಿ. ದಯವಿಟ್ಟು ಆ ರೂಟರನ್ನು ಈಗಲೇ ಜೋಡಿಸಬೇಡಿ. ನಾನು ಜೋಡಿಸಿದ್ದೆ. ಎರಡು ದಿನ ಬ್ಯಾಚ್ ನಿಂತವು, ಬೇಡದ ಒಂದು ಹೊಸ ಸ್ವಿಚ್‌ಗೆ (ಕಂಪ್ಯೂಟರುಗಳ ಕೇಬಲ್‌ಗಳನ್ನೆಲ್ಲ ಒಂದೆಡೆ ಕೂಡಿಸುವ ಡಬ್ಬಿ) ದುಡ್ಡು ಹೋಯಿತು.

ಮೊದಲು ನಿಮ್ಮ ಪ್ರಶ್ನೆಯ ಬಗ್ಗೆ. ಲ್ಯಾನ್, ಮ್ಯಾನ್, ವ್ಯಾನ್ ಎಂಬವು ಅಂಗಡಿಯಲ್ಲಿ ನೋಡಿ ಆರಿಸಿಕೊಳ್ಳುವ ಮೂರು ಮಾಲುಗಳಲ್ಲ. ನಿಮ್ಮ ಕಂಪ್ಯೂಟರಿನ ಹಿಂದಿನ ಕೇಬಲ್ ಹಿಡಿದು ನಡೆಯುತ್ತಾ ಹೋದರೆ ಮೂರೂ ಸಿಗುತ್ತವೆ. ಕಂಪ್ಯೂಟರಿನಿಂದ ಸ್ವಿಚ್‌ಗೆ, ಅಲ್ಲಿಂದ ರೂಟರಿನ ಲ್ಯಾನ್ ಪೋರ್ಟಿನವರೆಗೆ ಇರುವುದು ನಿಮ್ಮ ಲ್ಯಾನ್. ವೈಫೈ ಕೂಡ ಲ್ಯಾನೇ, ತಂತಿ ಇಲ್ಲ ಅಷ್ಟೆ. ರೂಟರಿನಲ್ಲಿ ಬೇರೆ ಬಣ್ಣದ ಒಂಟಿ ಪೋರ್ಟ್ ಇರುತ್ತದಲ್ಲ, ಅದರ ಮೇಲೆ ವ್ಯಾನ್ ಎಂದು ಬರೆದಿರುತ್ತದೆ. ಅದರಿಂದಾಚೆಗೆ ಇಂಟರ್ನೆಟ್ ಕಂಪನಿಯ ರಾಜ್ಯ. ಊರೊಳಗೆ ಹರಡಿದ ಅವರ ಫೈಬರ್ ಜಾಲಕ್ಕೆ ಪುಸ್ತಕದವರು ಮ್ಯಾನ್ ಅನ್ನುತ್ತಾರೆ, ಊರೂರುಗಳನ್ನು ಕೂಡಿಸುವುದಕ್ಕೆ ವ್ಯಾನ್. ಬೆಂಗಳೂರಿನಿಂದ ಜಿಲ್ಲೆ, ತಾಲ್ಲೂಕು ಕಚೇರಿಗಳವರೆಗೆ ಹಬ್ಬಿರುವ ಸರ್ಕಾರದ ಕೆಸ್ವಾನ್ ಎಂಬ ಜಾಲದ ಹೆಸರಿನಲ್ಲೇ ಆ ವ್ಯಾನ್ ಕೂತಿದೆ. ಬ್ಲೂಟೂತ್ ಮೌಸಿನಂಥ, ಹತ್ತು ಮೀಟರ್ ಒಳಗಿನ ವ್ಯವಹಾರ ಪ್ಯಾನ್. ಪರೀಕ್ಷೆಗೆ ಇಷ್ಟು ಸಾಕು.

ಸೆಂಟರ್ ನಡೆಸುವವರಿಗೆ ಈ ಕಿಲೋಮೀಟರ್ ಲೆಕ್ಕದ ವರ್ಗೀಕರಣದಿಂದ ಮೂರು ಕಾಸಿನ ಉಪಯೋಗವಿಲ್ಲ. ನಿಮ್ಮ ಲ್ಯಾನ್ ಎಲ್ಲಿ ಮುಗಿಯುತ್ತದೆ, ಅದರೊಳಗೆ ವಿಳಾಸ ಹಂಚುವವರು ಯಾರು, ಈ ಎರಡು ಗೊತ್ತಿದ್ದರೆ ಆಯಿತು. ನನಗೆ ಎರಡನೆಯದು ಗೊತ್ತಿರಲಿಲ್ಲ.

ನೆಟ್‌ವರ್ಕಿಗೆ ಬಂದ ಪ್ರತಿ ಕಂಪ್ಯೂಟರಿಗೂ ಒಂದು ಐಪಿ ವಿಳಾಸ, ಅಂದರೆ ಅದನ್ನು ಗುರುತಿಸುವ ನಂಬರು ಬೇಕು. ಶುರುವಾದಾಗ ಅದರ ಬಳಿ ವಿಳಾಸ ಇರದಿದ್ದರೆ ‘ಇಲ್ಲಿ ಯಾರಾದರೂ ವಿಳಾಸ ಕೊಡುವವರಿದ್ದೀರಾ?’ ಎಂದು ಇಡೀ ಲ್ಯಾನಿಗೆ ಕೇಳುವಂತೆ ಕೂಗುತ್ತದೆ. ರೂಟರಿನೊಳಗಿನ ಡಿಎಚ್‌ಸಿಪಿ ಸರ್ವರ್ ‘ಇದು ತಗೋ’ ಎನ್ನುತ್ತದೆ. ಕಂಪ್ಯೂಟರ್ ‘ಸರಿ, ಇದೇ ಕೊಡು’ ಎನ್ನುತ್ತದೆ, ರೂಟರ್ ‘ಬರೆದುಕೊಂಡೆ’ ಎನ್ನುತ್ತದೆ. ಕೊಟ್ಟಿದ್ದು ಕ್ರಯಕ್ಕಲ್ಲ, ಲೀಸಿಗೆ, ಬಹಳ ರೂಟರ್‌ಗಳಲ್ಲಿ 24 ಗಂಟೆಗೆ. ವಿಳಾಸದ ಜೊತೆಗೆ ಗೇಟ್‌ವೇ, ಅಂದರೆ ‘ಹೊರಗೆ ಹೋಗಬೇಕಾದರೆ ಈ ಬಾಗಿಲು’ ಎಂಬ ಮಾಹಿತಿಯೂ ಬರುತ್ತದೆ. ಎಡವಟ್ಟೆಲ್ಲ ಈ ಬಾಗಿಲಿನಲ್ಲಿ.

ನನ್ನ ಸೆಂಟರಿನಲ್ಲಿ ಕೆಳಗಿನ ರೂಟರಿನ ವಿಳಾಸ 192.168.1.1. ಅದು 192.168.1.100ರಿಂದ 199ರವರೆಗೆ ಹಂಚುತ್ತಿತ್ತು. ಹಳೇ ರೂಟರಿನ ವಿಳಾಸ 192.168.0.1, ಅದರಲ್ಲೂ ಡಿಎಚ್‌ಸಿಪಿ ಚಾಲೂ. ಕೆಳಗಿನ ಸ್ವಿಚ್‌ನಿಂದ ಬಂದ ಕೇಬಲನ್ನು ಹಳೇ ರೂಟರಿನ ಲ್ಯಾನ್ ಪೋರ್ಟಿಗೆ ಸಿಕ್ಕಿಸಿದ್ದಾಯಿತು, ಮೊಬೈಲಿನಲ್ಲಿ ಇಂಟರ್ನೆಟ್ ಬಂತು, ಕೆಲಸ ಮುಗಿಯಿತು ಅಂದುಕೊಂಡೆ. ಆ ಹೊತ್ತಿನಲ್ಲಿ ಮೊಬೈಲಿನ ಕೂಗಿಗೆ ಕೆಳಗಿನ ರೂಟರ್ ಮೊದಲು ಓಗೊಟ್ಟಿತ್ತು ಅನ್ನುವುದು ಬಿಟ್ಟರೆ ಅದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲ ಕಂಪ್ಯೂಟರ್ ಒಟ್ಟಿಗೆ ಆನ್ ಆದವು. ಒಂದೇ ಊರಿಗೆ ಇಬ್ಬರು ಶಾನುಭೋಗರು. ವಿಂಡೋಸ್ ಮೊದಲು ಬಂದ ಉತ್ತರವನ್ನು ಹಿಡಿಯುತ್ತದೆ. ಕೆಲವು ರೂಟರ್‌ಗಳು ವಿಳಾಸ ಕೊಡುವ ಮುಂಚೆ ಅದು ಬೇರೆಯವರ ಬಳಿ ಇದೆಯೇ ಎಂದು ಪರೀಕ್ಷಿಸುತ್ತವೆ, ಅಷ್ಟರಲ್ಲಿ ಪರೀಕ್ಷಿಸದ ರೂಟರ್ ಮುಂದಾಗಿಬಿಡುತ್ತದೆ. ನಿನ್ನೆಯ ವಿಳಾಸ ನೆನಪಿಟ್ಟುಕೊಂಡು ಅದನ್ನೇ ಕೇಳುವ ಕಂಪ್ಯೂಟರ್‌ಗಳೂ ಬಚಾವಲ್ಲ. ‘ಆ ವಿಳಾಸ ಈ ಊರಿನದ್ದಲ್ಲ’ ಎಂದು ಹಳೇ ರೂಟರ್ ತಿರಸ್ಕರಿಸಿದರೆ ಅವೂ ಮೊದಲಿನಿಂದ ಶುರು ಮಾಡಬೇಕು. ಹೀಗೆ 7 ಕಂಪ್ಯೂಟರ್‌ಗಳಿಗೆ 192.168.0ರ ವಿಳಾಸ ಬಂತು. ಅವುಗಳಿಗೆ ಗೊತ್ತಿದ್ದ ಹೊರಬಾಗಿಲು 192.168.0.1. ಆ ರೂಟರಿನ ವ್ಯಾನ್ ಪೋರ್ಟ್ ಖಾಲಿ, ಬಾಗಿಲ ಹಿಂದೆ ಗೋಡೆ. ಇಂಟರ್ನೆಟ್ಟೂ ಇಲ್ಲ, 192.168.1.10ರಲ್ಲಿದ್ದ ಪ್ರಿಂಟರೂ ಇಲ್ಲ.

ಇದು ಬೇಗ ಸಿಕ್ಕಿಬೀಳದಿರಲು ಕಾರಣವಿದೆ. ಸ್ವಿಚ್ ದೀಪಗಳೆಲ್ಲ ಹಸಿರು. ಕೆಟ್ಟ ಕಂಪ್ಯೂಟರಿನಿಂದ ಅದರ ಗೇಟ್‌ವೇಗೆ ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ?’ ಎಂದು ಕೇಳಿದರೆ, ಉತ್ತರ ಬರುತ್ತದೆ, ಏಕೆಂದರೆ ಆ ಗೇಟ್‌ವೇ ಮೇಲಿನ ಮಹಡಿಯಲ್ಲೇ ಜೀವಂತವಾಗಿದೆ. ಎಲ್ಲ ಆಫ್ ಮಾಡಿ ಆನ್ ಮಾಡಿದರೆ 7 ಹೋಗಿ 11 ಆಗುತ್ತದೆ, ಅದೂ ಬೇರೆ ಬೇರೆ ಕಂಪ್ಯೂಟರ್. ಕಾಯಿಲೆ ಒಂದು ಜಾಗದಲ್ಲಿ ನಿಲ್ಲದೆ ಓಡಾಡುತ್ತಿದ್ದರೆ ಯಾರಿಗಾದರೂ ಸ್ವಿಚ್ ಮೇಲೆಯೇ ಅನುಮಾನ. ಸ್ವಿಚ್ ಬದಲಾಯಿಸಿದ್ದಾಯಿತು, 9 ಕಂಪ್ಯೂಟರ್ ಕೆಟ್ಟವು.

ಪತ್ತೆ ಮಾಡಲು ಬೇಕಾಗಿದ್ದು ಎರಡು ನಿಮಿಷ. ಕಪ್ಪು ಕಮಾಂಡ್ ಕಿಟಕಿಯಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಕೊಟ್ಟು ಮೂರು ಸಾಲು ನೋಡಿ: ಐಪಿವಿ4 ವಿಳಾಸ, ಡೀಫಾಲ್ಟ್ ಗೇಟ್‌ವೇ, ಡಿಎಚ್‌ಸಿಪಿ ಸರ್ವರ್. ಸರಿಯಿರುವ ಒಂದು, ಕೆಟ್ಟಿರುವ ಒಂದು ಕಂಪ್ಯೂಟರನ್ನು ಪಕ್ಕಪಕ್ಕ ಹೋಲಿಸಿ. ಡಿಎಚ್‌ಸಿಪಿ ಸರ್ವರ್ ಸಾಲು ಬೇರೆ ಬೇರೆಯಾಗಿದ್ದರೆ ಕಳ್ಳ ಸಿಕ್ಕ. ವಿಳಾಸ 169.254ರಿಂದ ಶುರುವಾಗಿದ್ದರೆ ಕಥೆ ತದ್ವಿರುದ್ಧ, ಯಾರೂ ಉತ್ತರ ಕೊಡದೆ ವಿಂಡೋಸ್ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ಆಗ ಮೊದಲು ಕೇಬಲ್ ನೋಡಿ. ಎರಡೂ ರೂಟರ್‌ಗಳ ವಿಳಾಸ 192.168.1.1 ಆಗಿದ್ದರೆ ಇನ್ನೂ ಕಷ್ಟ, ಮೂರು ಸಾಲೂ ಸರಿಯಾಗೇ ಕಾಣುತ್ತವೆ. ಆಗ ಎಆರ್‌ಪಿ ಹೈಫನ್ ಎ ಕೊಟ್ಟು 192.168.1.1ರ ಎದುರಿನ 12 ಅಕ್ಷರದ ಮ್ಯಾಕ್ ವಿಳಾಸವನ್ನು (ತಯಾರಕರು ಯಂತ್ರಕ್ಕೆ ಕೊಟ್ಟ ಗುರುತು) ರೂಟರಿನ ಕೆಳಗಿನ ಸ್ಟಿಕ್ಕರಿಗೆ ಹೋಲಿಸಬೇಕು. ವೈಫೈಗೂ ಲ್ಯಾನ್‌ಗೂ ಒಂದೆರಡು ಅಂಕಿ ವ್ಯತ್ಯಾಸ ಇರಬಹುದು, ಮೊದಲ ಆರು ಸಾಮಾನ್ಯವಾಗಿ ತಯಾರಕರನ್ನು ಹೇಳಿಬಿಡುತ್ತವೆ.

ಇನ್ನೊಂದು. ಕಳ್ಳ ರೂಟರನ್ನು ಕಿತ್ತು ಹಾಕಿದ ಕೂಡಲೇ ಸರಿಯಾಗುವುದಿಲ್ಲ. ಲೀಸ್ ಇನ್ನೂ ಉಳಿದಿರುತ್ತದೆ. ಕೆಟ್ಟ ಕಂಪ್ಯೂಟರ್‌ಗಳಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ರಿಲೀಸ್, ಆಮೇಲೆ ಸ್ಲ್ಯಾಶ್ ರಿನ್ಯೂ ಕೊಡಬೇಕು. ಇದು ಗೊತ್ತಿಲ್ಲದೆ ‘ಕಿತ್ತರೂ ಸರಿಹೋಗಲಿಲ್ಲ, ಹಾಗಾದರೆ ಇದಲ್ಲ’ ಎಂದು ಅದೇ ರೂಟರನ್ನು ವಾಪಸ್ ಹಾಕಿದ ಪುಣ್ಯಾತ್ಮನೂ ನಾನೇ. ಎರಡನೇ ದಿನ ಹೋದದ್ದು ಹಾಗೆ.

ಹಳೇ ರೂಟರ್ ಬಳಸಲೇಬೇಕೆಂದರೆ ಸೆಂಟರಿನ ಕೇಬಲ್ ಮುಟ್ಟದೆ, ಒಂದು ಲ್ಯಾಪ್‌ಟಾಪ್‌ಗೆ ಮಾತ್ರ ಜೋಡಿಸಿ ಸಿದ್ಧಮಾಡಿ. ಪಿನ್ ಚುಚ್ಚಿ ರೀಸೆಟ್. ಒಳಗೆ ಹೋಗಿ ಮೊದಲು ಅದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ. ಇದು ಕೆಳಗಿನ ರೂಟರ್ ಹಂಚುವ 100–199ರ ಹೊರಗಿದೆ ಎಂಬುದನ್ನು ಗಮನಿಸಿ. ಹೊಸ ವಿಳಾಸದಿಂದ ಮತ್ತೆ ಒಳಹೊಕ್ಕು ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ. ಉಲ್ಟಾ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರೇ ಇಲ್ಲದೆ ನೀವೇ ಹೊರಗುಳಿಯುತ್ತೀರಿ, ಕೈಯಿಂದ ವಿಳಾಸ ಹಾಕಿ ಒಳಗೆ ಹೋಗಬೇಕಾಗುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಕೆಳಗಿನದ್ದೇ ಇರಲಿ, ಆದರೆ 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ ಚಾನೆಲ್ 1 ಇದ್ದರೆ ಮೇಲೆ 6 ಅಥವಾ 11. ಕೇಬಲ್ ಲ್ಯಾನ್ ಪೋರ್ಟಿಗೆ, ವ್ಯಾನ್ ಪೋರ್ಟಿನ ಮೇಲೆ ಟೇಪು. ವ್ಯಾನ್ ಪೋರ್ಟಿಗೆ ಹಾಕಿದರೆ ಮೇಲಿನ ಮಹಡಿ ಇನ್ನೊಂದು ಬೇರೆ ಲ್ಯಾನ್ ಆಗಿ, ಅಲ್ಲಿಟ್ಟ ಪ್ರಿಂಟರ್ ಕೆಳಗಿನವರಿಗೆ ಕಾಣುವುದೇ ಇಲ್ಲ. ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದೊಂದನ್ನು ಆರಿಸಿ, ಈ ಸರ್ಕಸ್ಸಿನ ಬಹುಪಾಲು ಅದೇ ಮಾಡಿಕೊಳ್ಳುತ್ತದೆ.

‘ಕೇಬಲೇ ಬೇಡ, 20ಕ್ಕೂ ವೈಫೈ’ ಎಂಬ ನಿಮ್ಮ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಒಂದು ಚಾನೆಲಿನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. 20 ಮಂದಿ ಒಟ್ಟಿಗೆ ವಿಡಿಯೋ ತೆರೆದರೆ ಎಲ್ಲರದ್ದೂ ಸುತ್ತುತ್ತಾ ಕೂರುತ್ತದೆ. ಮೇಜಿನ ಮೇಲೆ ಕದಲದೆ ಕೂತ ಕಂಪ್ಯೂಟರಿಗೆ ಕೇಬಲ್, ಕೈಯಲ್ಲಿ ಓಡಾಡುವುದಕ್ಕೆ ವೈಫೈ.

ಕೆಳಗೆ 24 ಪೋರ್ಟಿನ ಗಿಗಾಬಿಟ್ ಸ್ವಿಚ್, ಮೇಲೆ 16ರದ್ದು ಸಾಕು. ಎರಡರ ನಡುವೆ ಒಂದೇ ಕೇಬಲ್. ‘ಸ್ಪೀಡ್ ಹೆಚ್ಚಲಿ’ ಎಂದು ಎರಡನೆಯದು ಎಳೆದರೆ ಸಾದಾ ಸ್ವಿಚ್‌ಗಳಲ್ಲಿ ಲೂಪ್ ಆಗುತ್ತದೆ. ಈಥರ್ನೆಟ್ ಫ್ರೇಮಿಗೆ, ಅಂದರೆ ಕೇಬಲಿನಲ್ಲಿ ಓಡುವ ಮಾಹಿತಿಯ ಕಟ್ಟಿಗೆ, ‘ಇಷ್ಟು ಸುತ್ತಿದ ಮೇಲೆ ಸಾಯಿ’ ಎಂಬ ಎಣಿಕೆ ಇಲ್ಲ, ಸುತ್ತುತ್ತಲೇ ಇರುತ್ತದೆ. ದೀಪಗಳೆಲ್ಲ ಒಟ್ಟಿಗೆ ಹುಚ್ಚು ಹಿಡಿದಂತೆ ಮಿನುಗಿ ಎಲ್ಲವೂ ನಿಂತರೆ ಮೊದಲು ಇದನ್ನೇ ಹುಡುಕಿ.

ಕೇಬಲ್ ಕ್ಯಾಟ್ 6, ಡಬ್ಬಿಯಲ್ಲಿ 305 ಮೀಟರ್ ಇರುತ್ತದೆ. ಕಂಪ್ಯೂಟರಿಗೆ ಸರಾಸರಿ 12 ಮೀಟರ್ ಹಿಡಿದರೂ 240, ಒಂದು ಡಬ್ಬಿ ಸಾಕು. ಒಂದು ಎಳೆತ ತುದಿಯಿಂದ ತುದಿಗೆ 100 ಮೀಟರ್ ಮೀರಬಾರದು. ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪದ ಅಲ್ಯೂಮಿನಿಯಂ, ಬೇಡ. ಬಗ್ಗಿಸಿದಲ್ಲಿ ಮುರಿಯುತ್ತದೆ. ಕ್ರಿಂಪ್ ಮಾಡುವಾಗ, ಅಂದರೆ ಕೇಬಲಿನ ತುದಿಗೆ ಪ್ಲಗ್ ಕೂರಿಸುವಾಗ, ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು, 100 ಎಂಬಿಪಿಎಸ್‌ಗೆ 1, 2, 3, 6 ಸಾಕು. ಹಾಗಾಗಿ ನೀಲಿ ಅಥವಾ ಕಂದು ಜೋಡಿಯ ಎಳೆ ಸರಿಯಾಗಿ ಕೂರದಿದ್ದರೆ ನೆಟ್‌ವರ್ಕ್ ಸಾಮಾನ್ಯವಾಗಿ ಸಾಯುವುದಿಲ್ಲ, ಸುಮ್ಮನೆ 100ಕ್ಕೆ ಇಳಿಯುತ್ತದೆ. ಪ್ರತಿ ಕಂಪ್ಯೂಟರಿನಲ್ಲೂ ಲಿಂಕ್ ಸ್ಪೀಡ್ ಒಮ್ಮೆ ನೋಡಿಬಿಡಿ.

ಫೈಲುಗಳನ್ನು ಒಂದು ಕಂಪ್ಯೂಟರಿನಲ್ಲಿಟ್ಟು ಎಲ್ಲರಿಗೂ ಹಂಚುತ್ತೇನೆ ಅಂದಿದ್ದೀರಿ. ಸರ್ವರ್ ಅಲ್ಲದ ವಿಂಡೋಸ್ 10, 11 ಒಮ್ಮೆಗೆ 20 ಸಂಪರ್ಕ ಮಾತ್ರ ಒಪ್ಪುತ್ತದೆ. ಈಗ ಅದೊಂದನ್ನು ಬಿಟ್ಟು 19, ಸರಿಹೋಗುತ್ತದೆ. ಇನ್ನು ಐದು ಕಂಪ್ಯೂಟರ್ ಬಂದ ದಿನ ಕೆಲವರಿಗೆ ಫೋಲ್ಡರ್ ತೆರೆಯುವುದಿಲ್ಲ. ಆಗ ಆ ಕಂಪ್ಯೂಟರಿಗೆ ಲಿನಕ್ಸ್, ಅದರಲ್ಲಿ ಫೈಲ್ ಹಂಚುವ ಸಾಂಬಾ ತಂತ್ರಾಂಶ ಹಾಕಿಕೊಳ್ಳಿ, ದುಡ್ಡು ಖರ್ಚಿಲ್ಲ.

‘ಮುಂದೆ ಪಕ್ಕದ ಕಟ್ಟಡಕ್ಕೂ’ ಎಂದು ಕೊನೆಗೆ ಸೇರಿಸಿದ್ದೀರಿ. ಅಲ್ಲಿಗೆ ತಾಮ್ರದ ಕೇಬಲ್ ಎಳೆಯಬೇಡಿ. ಎರಡು ಕಟ್ಟಡಗಳ ಅರ್ಥಿಂಗ್ ಬೇರೆ ಬೇರೆ, ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ ಆ ವ್ಯತ್ಯಾಸ ನಿಮ್ಮ ಕೇಬಲಿನ ಮೂಲಕವೇ ಹರಿದು ಎರಡೂ ಕಡೆಯ ಸ್ವಿಚ್ ಸುಡುತ್ತದೆ. ಫೈಬರ್ ಎಳೆದು ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲಿಗೆ ಕೂಡಿಸುವ ಡಬ್ಬಿ) ಇಡಿ. ಅದನ್ನು ಮ್ಯಾನ್ ಅನ್ನಬೇಕೋ ಲ್ಯಾನ್ ಅನ್ನಬೇಕೋ ಎಂದು ಕೇಳಬೇಡಿ, ವಿಳಾಸ ಹಂಚುವುದು ಮಾತ್ರ ಅಲ್ಲಿಗೂ ಕೆಳಗಿನ ಆ ಒಂದೇ ರೂಟರ್.